ಹುದಲಿಗೆ ಬಂದ ಸಮ್ಮೇಳನ

ಮುರಗೋಡದಿಂದ ಬೆಳಗಾವಿಗೆ ಹೊರಟವರಿಗೆ ಎರಡು ದಾರಿ. ಬೈಲಹೊಂಗಲಕ್ಕೆ ಹೋಗಿ ಅಲ್ಲಿ ಬಸ್ಸು ಬದಲಿಸುವುದು ಒಂದು, ನೇಸರಗಿಯ ಮೇಲೆ ಹಾಯ್ದು ಹೋಗುವುದು ಇನ್ನೊಂದು. ಯಾವ ದಾರಿ ಹಿಡಿದರೂ ಕಣ್ಣಿಗೆ ಬೀಳುವುದು ಎರೆಮಣ್ಣಿನ ಹೊಲಗಳೇ. ಸುಗ್ಗಿ ಮುಗಿದ ಮೇಲೆ ಈ ನೆಲ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಅಡ್ಡಮಳೆ ಬಿದ್ದರೆ ಅದೇ ಮಣ್ಣು ಎತ್ತಿನ ಗಾಡಿಯ ಗಾಲಿಯನ್ನೂ ಬಿಡದೆ ಹಿಡಿಯುತ್ತದೆ.

ಮಹಾಂತ ದುರದುಂಡೀಶ್ವರ ಮಠದ ಊರು, ಚಿದಂಬರ ದೀಕ್ಷಿತರ ಊರು ಎಂದು ಸವದತ್ತಿ ಸೀಮೆಯ ಮುರಗೋಡ ಹೆಸರಾಗಿದೆ. ಭಕ್ತರು ಹೊರಗಿನಿಂದ ಇಲ್ಲಿಗೆ ಬರುತ್ತಾರೆ, ಊರಿನ ಮಕ್ಕಳು ಓದಿಗಾಗಿ, ನೌಕರಿಗಾಗಿ ಹೊರಗೆ ಹೋಗುತ್ತಾರೆ. ಸುತ್ತಲಿನ ಯಾವ ಊರಿನದೂ ಇದೇ ಕತೆ. ನೌಕರಿ ಸಿಕ್ಕಿದ ಮೇಲೆ ಮತ್ತೊಂದು ಬಗೆಯ ಪ್ರಯಾಣ ಶುರುವಾಗುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಎರಡು ದಿನದ ಸಮ್ಮೇಳನ, ಕೊರಳಿಗೆ ಹೆಸರಿನ ಚೀಟಿ, ಕೈಯಲ್ಲೊಂದು ಚೀಲ. ಇಂಥದಕ್ಕೆ ಹೊರಟ ಮಗನನ್ನೋ ಮಗಳನ್ನೋ ಮನೆಯ ಹಿರಿಯರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎರಡ ದಿನಾ ಕೂತು ಮಾತ ಕೇಳಾಕ ಅಷ್ಟ ದೂರ ಯಾಕ ಹೋಗಬೇಕೋ ತಮ್ಮಾ?" ಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ಹಾಗೆ ನಕ್ಕು ಬಿಡುವಂಥ ಪ್ರಶ್ನೆಯೇನೂ ಅದಲ್ಲ. ನೇಸರಗಿಯ ದಾರಿಯಲ್ಲಿ ಹೋಗಿ, ಬೆಳಗಾವಿ ಬರುವ ಮೊದಲೇ ಬಲಕ್ಕೆ ಹೊರಳಿದರೆ ಹುದಲಿ ಎಂಬ ಹಳ್ಳಿ ಇದೆ. ಆ ಪ್ರಶ್ನೆಯನ್ನು ಹಿಡಿದು ನೋಡಬೇಕಾದ ಊರು ಅದು.

ಏಕೆಂದರೆ 1937ರ ಏಪ್ರಿಲ್‌ನಲ್ಲಿ ಅಖಿಲ ಭಾರತದ ಸಮ್ಮೇಳನವೊಂದು ತಾನಾಗಿಯೇ ಈ ಹಳ್ಳಿಗೆ ಬಂತು. ಗಾಂಧಿ ಸೇವಾ ಸಂಘದ ಮೂರನೆಯ ವಾರ್ಷಿಕ ಅಧಿವೇಶನವದು. ಗಾಂಧೀಜಿಯವರು ವಾರದ ಮಟ್ಟಿಗೆ ಹುದಲಿಯಲ್ಲೇ ಇದ್ದರು. ಸಂಘದ ಅಧ್ಯಕ್ಷರು ಕಿಶೋರಲಾಲ ಮಶ್ರುವಾಲಾ.

ಈ ಸಂಘದ ಸದಸ್ಯರು ಬಿಡುವಿನ ವೇಳೆಯಲ್ಲಿ ದೇಶಸೇವೆ ಮಾಡುವವರಲ್ಲ. ಖಾದಿ, ಗ್ರಾಮೋದ್ಯೋಗ, ಹರಿಜನ ಸೇವೆಯಂಥ ಕೆಲಸಕ್ಕೆ ಪೂರ್ತಿಯಾಗಿ ನಿಂತವರು. ಅಂಥವರ ಮನೆ ನಡೆಯಬೇಕಲ್ಲ? ಅದಕ್ಕಾಗಿಯೇ ಜಮನಾಲಾಲ ಬಜಾಜರು ಇಪ್ಪತ್ತರ ದಶಕದಲ್ಲಿ ಈ ಸಂಘ ಕಟ್ಟಿದ್ದರು. ಆದ್ದರಿಂದ ಹುದಲಿಗೆ ಬಂದವರು ಯಾತ್ರಿಕರಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕಚೇರಿ ಕೆಲಸದ ಮೇಲೆ ಬಂದವರು.

ಅವರನ್ನು ಹಳ್ಳಿಗೆ ಕರೆಸಿದ್ದು ಯಾರದೋ ಹುಚ್ಚು ಉತ್ಸಾಹವಲ್ಲ. ಸಂಘದ ಅಧಿವೇಶನಗಳ ಹಾದಿಯೇ ಹಾಗಿತ್ತು. 1936ರಲ್ಲಿ ಚಾಂದಾ ಜಿಲ್ಲೆಯ ಸಾವಲಿ, 1938ರಲ್ಲಿ ಒರಿಸ್ಸಾದ ದೇಲಾಂಗ, 1939ರಲ್ಲಿ ಬಿಹಾರದ ಬೃಂದಾವನ, 1940ರಲ್ಲಿ ಬಂಗಾಳದ ಮಲಿಕಾಂದಾ. ಭೂಪಟದಲ್ಲಿ ಹುಡುಕಬೇಕಾದ ಹೆಸರುಗಳೇ ಎಲ್ಲ. ನೂಲುವವರು, ನೇಯುವವರು, ಚರ್ಮ ಹದ ಮಾಡುವವರು ಇರುವುದು ಹಳ್ಳಿಯಲ್ಲಿ. ಅವರ ಕೆಲಸದ ಮಾತನ್ನು ಪಟ್ಟಣದ ಸಭಾಂಗಣದಲ್ಲಿ ಆಡುವುದಕ್ಕೂ ಅವರ ಅಂಗಳದ ಪಕ್ಕದಲ್ಲಿ ಆಡುವುದಕ್ಕೂ ಅಂತರವಿದೆ.

ಹುದಲಿಯೇ ಏಕೆ ಎಂಬುದಕ್ಕೆ ಒಂದೇ ಹೆಸರು ಸಾಕು, ಗಂಗಾಧರರಾವ ದೇಶಪಾಂಡೆ (1871-1960). ಕರ್ನಾಟಕ ಕೇಸರಿ ಎಂದು ಜನ ಕರೆದ ಇವರು ಟಿಳಕರ ಪಡೆಯಲ್ಲಿ ಬೆಳೆದು, ಆಮೇಲೆ ಗಾಂಧೀಜಿಯವರನ್ನು ಹಿಂಬಾಲಿಸಿದವರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಆ ಒಂದೇ ಒಂದು ಅಧಿವೇಶನವನ್ನು, ಮುಂದೆ ನಿಂತು ನಡೆಸಿಕೊಟ್ಟವರು. ಕಾಂಗ್ರೆಸ್ಸಿನ ಸದಸ್ಯನಾದವನು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ಕಟ್ಟಳೆಗೆ ಒಪ್ಪಿಗೆ ಸಿಕ್ಕಿದ್ದು ಅಲ್ಲೇ. ರೂಢಿಯಾದ ಕೈ ಗಂಟೆಗೆ 300 ಗಜ ನೂತರೆ ಇದು ತಿಂಗಳಲ್ಲಿ ಆರೇಳು ತಾಸಿನ ಕೆಲಸ. ಆದರೂ ಭಾಷಣ ಮಾಡುವ ಎಷ್ಟೋ ಮಂದಿಗೆ ಅಷ್ಟೂ ಆಗಲಿಲ್ಲ, ಮರುವರ್ಷವೇ ಕಟ್ಟಳೆ ಸಡಿಲಾಯಿತು! ಗಂಗಾಧರರಾಯರು ಮಾತ್ರ ತಮ್ಮ ಊರಾದ ಹುದಲಿಯಲ್ಲಿ ಖಾದಿಯ ಕೆಲಸವನ್ನು ಬಿಡದೆ ಬೆಳೆಸಿದರು.

ಈ ಹಿನ್ನೆಲೆಯಲ್ಲಿ ಅಧಿವೇಶನದ ಚರ್ಚೆಯನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಹಳ್ಳಿಯಲ್ಲಿ ಕುಳಿತು ಬಂದವರು ಹೆಚ್ಚು ಚರ್ಚಿಸಿದ್ದು ಶಾಸನಸಭೆಯ ಬಗ್ಗೆ. ಕಾಲವೂ ಅಂಥದೇ. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತ್ತು. ಏಪ್ರಿಲ್ 1ರಂದು ಹೊಸ ಕಾಯ್ದೆ ಜಾರಿಗೆ ಬಂದರೂ ಅದು ಮಂತ್ರಿಮಂಡಲ ರಚಿಸಲು ಇನ್ನೂ ಒಪ್ಪಿರಲಿಲ್ಲ. ಒಪ್ಪಿದ್ದು ಜುಲೈನಲ್ಲಿ. ರಾಟಿ ಹಿಡಿದ ಕಾರ್ಯಕರ್ತ ಶಾಸಕನಾಗಬಹುದೇ? ಆದರೆ ರಾಟಿಯ ಗತಿಯೇನು? ಹೋಗಬಹುದು, ಆದರೆ ರಚನಾತ್ಮಕ ಕೆಲಸವನ್ನು ಮರೆಯಬಾರದು ಎಂಬತ್ತ ಗಾಂಧೀಜಿಯವರ ಮಾತು ವಾಲಿತು. ಆ ಅನುಮಾನ ಹುಸಿಯಾಗಿರಲಿಲ್ಲವೆಂದು ಕಾಲವೇ ತೋರಿಸಿತು. ಸಂಘದೊಳಕ್ಕೆ ರಾಜಕಾರಣ ನುಗ್ಗಿತು. 1940ರಲ್ಲಿ ಮಲಿಕಾಂದಾದಲ್ಲಿ ಸಂಘವನ್ನು ಬಹುಮಟ್ಟಿಗೆ ಮುಚ್ಚುವ ಸಲಹೆಯನ್ನು ಸ್ವತಃ ಗಾಂಧೀಜಿಯವರೇ ಕೊಟ್ಟರು.

ಹಾಗಾದರೆ ಹುದಲಿಯ ಸಮ್ಮೇಳನ ದಂಡವಾಯಿತೇ? ನಿರ್ಣಯಗಳಿಂದ ಅಳೆದರೆ ಹಾಗೆಯೇ ಹೇಳಬೇಕಾದೀತು. ಆದರೆ ಆ ದಿನಗಳಲ್ಲಿ ಖಾದಿಯವರನ್ನು ಕಾಡುತ್ತಿದ್ದ ಇನ್ನೊಂದು ಪ್ರಶ್ನೆಯಿತ್ತು, ಕೂಲಿಯದು. ಅರಳೆ ಹಿಂಜಿ, ಹಂಜಿ ಮಾಡಿ, ಇಡೀ ದಿನ ನೂತ ಹೆಂಗಸಿಗೆ ಸಿಗುತ್ತಿದ್ದದ್ದು ಪುಡಿಗಾಸು. ಅವಳಿಗೆ ಜೀವನಕ್ಕೆ ಸಾಲುವಷ್ಟು ಕೂಲಿ ಕೊಡಬೇಕೆಂದು ಅಖಿಲ ಭಾರತ ಚರಕಾ ಸಂಘ 1935ರಲ್ಲಿ ತೀರ್ಮಾನಿಸಿತ್ತು. ಕೂಲಿ ಏರಿಸಿದರೆ ಖಾದಿ ತುಟ್ಟಿಯಾಗುತ್ತದೆ, ಏರಿಸದಿದ್ದರೆ ನೂಲುವವಳ ಹೊಟ್ಟೆ ತುಂಬುವುದಿಲ್ಲ. ಗಿರಣಿ ಬಟ್ಟೆ ಅಗ್ಗದಲ್ಲಿ ಸಿಗುವಾಗ ಈ ಎರಡರ ನಡುವೆ ದಾರಿ ಹುಡುಕುವುದು ಸುಲಭವಲ್ಲ. ಇಂಥ ಲೆಕ್ಕವನ್ನು ವರದಿಯಲ್ಲಿ ಓದುವವನಿಗೂ, ರಾಟಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಉಳಿದು ನೋಡುವವನಿಗೂ ಅದು ಒಂದೇ ಬಗೆಯಲ್ಲಿ ತಿಳಿಯುವುದಿಲ್ಲ. ಅಪ್ಪ ಕೇಳುವ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿದೆ.

ಹುದಲಿಯ ಕೆಲಸ ಸಂಘದ ಜೊತೆಗೆ ಮುಗಿಯಲಿಲ್ಲ. 1954ರಲ್ಲಿ ಇಲ್ಲಿ ಖಾದಿ ಗ್ರಾಮೋದ್ಯೋಗ ಉತ್ಪಾದಕರ ಸಹಕಾರಿ ಸಂಘ ಹುಟ್ಟಿತು. ಅಲ್ಲಿ ನೂಲುವ, ನೇಯುವ ಕೈಗಳಲ್ಲಿ ಹೆಂಗಸರವೇ ಹೆಚ್ಚು. ಖಾದಿಯ ಜೊತೆಗೆ ಉಪ್ಪಿನಕಾಯಿಯೂ ಅದಕ್ಕೆ ಹೆಸರು ತಂದಿತು.

ಸುಲಧಾಳ ರೈಲು ನಿಲ್ದಾಣದಿಂದ ಹುದಲಿ ಹತ್ತಿರ. ಮುರಗೋಡದ ಕಡೆಯಿಂದ ಬರುವ ವಿದ್ಯಾರ್ಥಿಗಳು ಹೋಗಿಬರಲು ಒಂದು ದಿನ ಸಾಕು. ಹೋದವರು ರಾಟಿಯ ಫೋಟೊ ತೆಗೆದುಕೊಂಡು ಬರುವುದೇ ಹೆಚ್ಚು. ಒಂದು ಲಡಿ ನೂಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಅದಕ್ಕೆ ಕೂಲಿ ಎಷ್ಟು ಎಂದು ಕೇಳಿ ಬರೆದುಕೊಂಡು ಬಂದರೆ, ಮನೆಯಲ್ಲಿ ಅಪ್ಪನ ಮುಂದೆ ಕುಳಿತು ಮಾಡಬಹುದಾದ ಲೆಕ್ಕವೊಂದು ಸಿಗುತ್ತದೆ.