ಪಂಜಾಬಿನ ನವೆಂಬರ್ 1

ನವೆಂಬರ್ 1 ಅಂದರೆ ನಮಗೆ ಅರಿಶಿನ ಕುಂಕುಮದ ಬಾವುಟ, ತಾಯಿ ಭುವನೇಶ್ವರಿಯ ಮೆರವಣಿಗೆ, ಆಟೋ ನಿಲ್ದಾಣದ ಧ್ವನಿವರ್ಧಕದಲ್ಲಿ ಹಳೆಯ ಹಾಡು. ಅದೇ ದಿನ ಪಂಜಾಬಿಗೂ ಹುಟ್ಟುಹಬ್ಬ ಎಂಬುದು ನಮ್ಮ ಮಾತಿನಲ್ಲಿ ಬರುವುದು ಕಡಿಮೆ. ನಮ್ಮದು 1956ರದು, ಅವರದು 1966ರದು. ನಡುವಿನ ಆ ಹತ್ತು ವರ್ಷದಲ್ಲಿ ಪಂಜಾಬು ಏನು ಮಾಡುತ್ತಿತ್ತು ಎಂದು ಕೇಳಿಕೊಂಡರೆ ಕಥೆ ಎಲ್ಲೆಲ್ಲಿಗೋ ಹೋಗುತ್ತದೆ. ಹೋಗಲಿ, ಹೋಗಬೇಕಾದ ಕಥೆಯೇ ಅದು.

ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ಕನ್ನಡಿಗರು ಒಂದಾಗಲಿ ಎಂದಿತು, ಪಂಜಾಬಿ ಸೂಬಾ, ಅಂದರೆ ಪಂಜಾಬಿ ಮಾತಿನ ರಾಜ್ಯ, ಮಾತ್ರ ಬೇಡ ಎಂದಿತು. ಪಂಜಾಬಿಯು ಹಿಂದಿಯಿಂದ ಸಾಕಷ್ಟು ಬೇರೆಯಲ್ಲ, ಬೇಡಿಕೆಗೆ ಎಲ್ಲರ ಬೆಂಬಲವೂ ಇಲ್ಲ ಎಂಬುದು ಅದರ ವಾದ. ಬೆಂಬಲ ಇಲ್ಲದ್ದು ನಿಜವೇ. ಮನೆಯಲ್ಲಿ ಪಂಜಾಬಿಯಲ್ಲೇ ಜೋಗುಳ ಕೇಳಿ, ಪಂಜಾಬಿಯಲ್ಲೇ ಜಗಳವಾಡಿ ಬೆಳೆದ ಲಕ್ಷಾಂತರ ಹಿಂದೂಗಳು ಜನಗಣತಿಯವರು ಬಾಗಿಲಿಗೆ ಬಂದಾಗ ತಮ್ಮ ತಾಯ್ನುಡಿ ಹಿಂದಿ ಎಂದು ಬರೆಸಿದರು. ಹಾಗೆ ಬರೆಸಿ ಎಂದು ಆರ್ಯ ಸಮಾಜದವರೂ ಅಲ್ಲಿನ ಉರ್ದು, ಹಿಂದಿ ಪತ್ರಿಕೆಗಳೂ ಪ್ರಚಾರ ಮಾಡಿದ್ದವು. ಪಂಜಾಬಿಯೆಂದರೆ ಗುರುಮುಖಿ, ಗುರುಮುಖಿಯೆಂದರೆ ಸಿಖ್ಖರು, ಅವರ ರಾಜ್ಯವಾದರೆ ನಾವು ಅಲ್ಪಸಂಖ್ಯಾತರು ಎಂಬ ಅಂಜಿಕೆ ತಾಯ ಮಾತನ್ನೇ ನುಂಗಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಧಾರವಾಡದ ಮುಸ್ಲಿಮರೋ ಮಂಗಳೂರಿನ ಕ್ರೈಸ್ತರೋ ಮನೆಯಲ್ಲಿ ಏನೇ ಆಡಲಿ, ಕನ್ನಡ ನಾಡು ಬೇಕೆಂದವರ ಜಾತಿ ಧರ್ಮವನ್ನು ದೆಹಲಿ ಕೇಳಲಿಲ್ಲ. ಪಂಜಾಬಿನಲ್ಲಿ ಮೊದಲು ಕೇಳಿದ್ದೇ ಅದನ್ನು.

ಸಿಖ್ಖರ ಕಡೆಯೂ ಕಾರಣವಿತ್ತು. ದೇಶ ಒಡೆದಾಗ ನನಕಾನಾ ಸಾಹಿಬ್, ಕರ್ತಾರಪುರ, ಲಾಹೋರು ಗಡಿಯಾಚೆ ಹೋದವು. ಕಾಲುವೆ ಕಾಲೊನಿಗಳ ಫಲವತ್ತಾದ ಹೊಲ ಬಿಟ್ಟು ಬಂದವರು, ಇತ್ತ ಕೆಲವು ಜಿಲ್ಲೆಗಳಲ್ಲಿ ಮೊದಲ ಬಾರಿಗೆ ಹೆಚ್ಚಿನವರಾದರು. ಸಿಖ್ಖರ ಅಕಾಲಿ ದಳದ ನಾಯಕ ಮಾಸ್ಟರ್ ತಾರಾ ಸಿಂಗರ ಮಾತಿನಲ್ಲಿ ಪಂಥ ಮುಂದೆ, ಭಾಷೆ ಹಿಂದೆ ಇರುತ್ತಿತ್ತು. ಆಮೇಲೆ ಬಂದ ಸಂತ ಫತೇ ಸಿಂಗ್ ಬರೀ ಭಾಷೆಯ ಲೆಕ್ಕದಲ್ಲೇ ಕೇಳಿದರು. 1965ರ ಯುದ್ಧದಲ್ಲಿ ಪಂಜಾಬಿನ ಹಳ್ಳಿಗಳು ಸೈನಿಕರ ಬೆನ್ನಿಗೆ ನಿಂತ ಮೇಲೆ ದೆಹಲಿಯ ಮನಸ್ಸು ಮೆತ್ತಗಾಯಿತು. ರಾಜ್ಯವೇನೋ ಬಂತು, ಚಂಡೀಗಢ ಬರಲಿಲ್ಲ.

ಈ ಅಂಜಿಕೆಗಳ ಬುಡಕ್ಕೆ ಇಳಿದರೆ 1898ರಲ್ಲಿ ಸಿಖ್ ವಿದ್ವಾಂಸ ಕಾನ್ಹ್ ಸಿಂಗ್ ನಾಭಾ ಬರೆದ ಪುಸ್ತಕ ಸಿಗುತ್ತದೆ. ಹೆಸರೇ ‘ಹಮ್ ಹಿಂದೂ ನಹೀಂ’, ನಾವು ಹಿಂದೂಗಳಲ್ಲ. ಆ ಕಾಲದ ಪಂಜಾಬಿನ ಹಳ್ಳಿಗಳಲ್ಲಿ ಗುರುಗಳ ಬಾನಿ ಹೇಳುವವರೇ ಸಖಿ ಸರ್ವರ್ ಪೀರನ ದರ್ಗಾಕ್ಕೂ ಹೋಗುತ್ತಿದ್ದರು. ಸ್ವರ್ಣಮಂದಿರದ ಪರಿಕ್ರಮದಲ್ಲಿ ದೇವರ ಮೂರ್ತಿಗಳಿದ್ದವು. ಅವನ್ನು ಹೊರಗಿಟ್ಟದ್ದು 1905ರಲ್ಲಿ. ಸಿಖ್ ಸುಧಾರಕರಾದ ಸಿಂಗ್ ಸಭಾದವರು ಹೀಗೆ ಗೆರೆ ಎಳೆದದ್ದರಿಂದ ಒಂದು ಹದವಾದ ಬೆರಕೆ ಕಳೆದುಹೋಯಿತು ಎಂದು ಮರುಗುವ ಇತಿಹಾಸಕಾರರಿದ್ದಾರೆ. ಮರುಕ ನನಗೂ ಇದೆ. ಆದರೆ ಅತ್ತ ಆರ್ಯ ಸಮಾಜ ಬೇರೆಯವರನ್ನು ಹಿಂದೂಗಳಾಗಿಸುವ ಶುದ್ಧಿ ಚಳವಳಿ ಹಿಡಿದು ನಿಂತಿತ್ತು, ಇತ್ತ ಬ್ರಿಟಿಷರ ಜನಗಣತಿ ಪ್ರತಿಯೊಬ್ಬನನ್ನೂ ಯಾವುದಾದರೂ ಒಂದೇ ಧರ್ಮದ ಅಂಕಣದಲ್ಲಿ ಕೂರಿಸುತ್ತಿತ್ತು. ಸಂಖ್ಯೆಯಲ್ಲಿ ಸಣ್ಣವರು ಗೆರೆ ಎಳೆಯದೆ ಉಳಿಯುವುದು ಹೇಗೆ? ಕೂಡುಕುಟುಂಬದಲ್ಲಿ ಕಿರಿಯವನು ಬೇರೆ ಒಲೆ ಹೂಡುತ್ತೇನೆ ಅಂದಾಗ, ‘ನೀನು ನಮ್ಮವನೇ ಅಲ್ಲವೇನೋ’ ಎಂದು ಹಿರಿಯ ಪ್ರೀತಿಯಿಂದಲೇ ಕೈ ಹಿಡಿಯುತ್ತಾನೆ. ಆ ಪ್ರೀತಿಯಲ್ಲಿ ಕಿರಿಯವನ ಮಾತು ಕೇಳಿಸಿಕೊಳ್ಳುವ ಕಿವಿ ಇರುವುದಿಲ್ಲ.

ಆದರೆ ಈ ಪಂಥವನ್ನು ಒಂದು ಭೂಪಟದೊಳಗೆ ಮುಚ್ಚಿಡಲು ಹೊರಟಾಗ ನನಗೆ ನೆನಪಾಗುವುದು ನಮ್ಮ ಬೀದರ್. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರನ್ನು ಪಂಜ್ ಪ್ಯಾರೇ ಎನ್ನುತ್ತಾರೆ. ಸಿಖ್ ಪರಂಪರೆಯ ಪ್ರಕಾರ ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವನು, ದ್ವಾರಕೆಯ ದರ್ಜಿ, ಐದನೆಯವರು ಬೀದರಿನ ಕ್ಷೌರಿಕ ಭಾಯಿ ಸಾಹಿಬ್ ಸಿಂಗ್. ಖಾಲ್ಸಾದ ಮೊದಲ ಐವರಲ್ಲಿ ಒಬ್ಬರು ನಮ್ಮ ನೆಲದವರು! ಸಿಖ್ಖರ ಗ್ರಂಥವನ್ನೇ ನೋಡಿ. 1604ರಲ್ಲಿ ಗುರು ಅರ್ಜನರು ಕೂಡಿಸಿದ ಆದಿಗ್ರಂಥದಲ್ಲಿ ಸೂಫಿ ಫರೀದ, ಕಾಶಿಯ ಕಬೀರ, ಚಮ್ಮಾರ ರವಿದಾಸ, ಮರಾಠಿ ನಾಡಿನ ನಾಮದೇವ ಎಲ್ಲರ ಪದಗಳಿವೆ. ಬೇರೆಯವರ ಬಾಯಿಯ ಮಾತಿಗೆ ಗುರುಗಳ ಮಾತಿನ ಜೊತೆಯಲ್ಲೇ ತಲೆಬಾಗುವ ಧರ್ಮ ಇದು. ಇಂಥದ್ದರ ಹೆಸರಿನಲ್ಲಿ ಖಾಲಿಸ್ತಾನ ಕೇಳಿದವರು ಬಸ್ಸಿನಿಂದ ಹಿಂದೂಗಳನ್ನು ಇಳಿಸಿ ಕೊಂದರು. 1985ರಲ್ಲಿ ಕನಿಷ್ಕ ವಿಮಾನವನ್ನು ಸ್ಫೋಟಿಸಿ 329 ಜೀವ ತೆಗೆದರು. ಕೇಂದ್ರದೊಡನೆ ಒಪ್ಪಂದಕ್ಕೆ ಸಹಿ ಹಾಕಿದ ತಿಂಗಳೊಳಗೆ ಅಕಾಲಿ ನಾಯಕ ಸಂತ ಲೋಂಗೋವಾಲರನ್ನೂ ಬಿಡಲಿಲ್ಲ. ಅದಕ್ಕೆ ಯಾವ ಗಾಯವೂ ಸಮರ್ಥನೆಯಾಗದು. ಹಾಗೆಯೇ 1984ರ ನವೆಂಬರಿನಲ್ಲಿ ದೆಹಲಿಯೊಂದರಲ್ಲೇ, ಸರ್ಕಾರದ ಲೆಕ್ಕದಲ್ಲೇ, 2,733 ಸಿಖ್ಖರನ್ನು ಕೊಂದದ್ದಕ್ಕೂ ಯಾವುದೂ ಸಮರ್ಥನೆಯಾಗದು. ಆ ವಿಷ ಸಾಹಿಬ್ ಸಿಂಗರ ಬೀದರಿಗೂ ಬಂತು. 1988ರಲ್ಲಿ ಅಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳನ್ನು ಕೊಂದರು. ಈ ಕಥೆಯನ್ನು ದೂರದ ಪಂಜಾಬಿನದೆಂದು ಕೈತೊಳೆದುಕೊಳ್ಳಲು ನಮಗೆ ಆಗದು.

ಗೆರೆ ಎಳೆದವರು ಒಳಗೂ ನೋಡಿಕೊಳ್ಳಬೇಕಾಗುತ್ತದೆ. 1920ರ ಅಕ್ಟೋಬರಿನಲ್ಲಿ ಕೆಳಜಾತಿಯ ಸಿಖ್ಖರು ಕಡಾ ಪ್ರಸಾದ ಹೊತ್ತು ಸ್ವರ್ಣಮಂದಿರಕ್ಕೆ ಬಂದರು, ಅರ್ಚಕರು ಒಲ್ಲೆವೆಂದರು. ಗ್ರಂಥವನ್ನೇ ತೆರೆದು ನೋಡಿ ಕೊನೆಗೆ ಅವರ ಪರವಾಗಿ ನಿರ್ಧಾರವಾಯಿತು. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿದ್ದು ಆ ಬಿಸಿಯಲ್ಲೇ. ಎಷ್ಟು ಚೆಂದದ ಆರಂಭ! ಆದರೂ ಪಂಜಾಬಿನ ಹಳ್ಳಿಗಳಲ್ಲಿ ಜಾಟರ ಗುರುದ್ವಾರ ಬೇರೆ, ದಲಿತರದು ಬೇರೆ ಎಂಬುದು ಇಂದಿಗೂ ಇದೆ. 2011ರ ಗಣತಿಯಲ್ಲಿ ಆ ರಾಜ್ಯದ ಜನರಲ್ಲಿ ಸುಮಾರು ಶೇ. 32 ದಲಿತರು, ದೇಶದಲ್ಲೇ ಹೆಚ್ಚು. 2009ರಲ್ಲಿ ವಿಯೆನ್ನಾದಲ್ಲಿ ರವಿದಾಸರ ಅನುಯಾಯಿಗಳಾದ ರವಿದಾಸಿಯಾಗಳ ಸಂತ ರಾಮಾನಂದರ ಹತ್ಯೆಯಾಯಿತು. ಮರುವರ್ಷವೇ ಅವರ ಡೇರಾ ಸಚ್‌ಖಂಡ್ ಬಲ್ಲಾಂನವರು ತಮ್ಮದು ಬೇರೆ ಧರ್ಮ, ತಮ್ಮ ಗ್ರಂಥ ಬೇರೆ ಎಂದು ಸಾರಿದರು. ಕಾನ್ಹ್ ಸಿಂಗರ ಮಾತು ಸುತ್ತು ಹೊಡೆದು ಸಿಖ್ಖರ ಬಾಗಿಲಿಗೇ ಬಂದು ನಿಂತಿತು. ಕಾನ್ಹ್ ಸಿಂಗರಿಗೆ ಆ ಹಕ್ಕು ಇತ್ತೆನ್ನುವವರು ರವಿದಾಸಿಯಾಗಳಿಗೂ ಅದಿದೆ ಎನ್ನಲೇಬೇಕು.

ಲಿಂಗಾಯತ ಸ್ವತಂತ್ರ ಧರ್ಮದ ಮಾತು ನಮ್ಮಲ್ಲಿ ಬಿಸಿಯೇರಿ, 2018ರಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿದಾಗ ಸಿಖ್ಖರ ಉದಾಹರಣೆ ಎಲ್ಲ ಕಡೆ ಓಡಾಡಿತು. ಒಪ್ಪುವವರು, ಒಪ್ಪದವರು ಇಬ್ಬರೂ ಮಠಗಳಲ್ಲೇ ಇದ್ದರು. ತೀರ್ಮಾನ ಆ ಭಕ್ತರದೇ ಆಗಲಿ, ಚುನಾವಣೆಯ ಪಂಚಾಂಗ ನೋಡುವವರದಾಗದಿರಲಿ ಎಂದು ನನಗೆ ಅಂದೂ ಅನ್ನಿಸಿತ್ತು.

ಬೇರೆ ಧರ್ಮವೋ ಅಲ್ಲವೋ ಎಂಬ ಈ ಪ್ರಶ್ನೆ ಸಂವಿಧಾನದಲ್ಲೂ ಇದೆ. ಅದರ 25ನೇ ವಿಧಿ ಕಿರ್ಪಾಣ್ ಧರಿಸುವುದು ಸಿಖ್ ಧರ್ಮದ ಭಾಗ ಎಂದು ಒಪ್ಪುತ್ತದೆ. ಆ ವಿಧಿಯ ಕೆಳಗಿನ ಎರಡನೇ ವಿವರಣೆ, ದೇವಾಲಯ ಪ್ರವೇಶದ ಕಾನೂನಿನ ಮಟ್ಟಿಗೆ, ಹಿಂದೂ ಎಂದರೆ ಸಿಖ್, ಜೈನ, ಬೌದ್ಧರೂ ಸೇರುತ್ತಾರೆ ಎನ್ನುತ್ತದೆ. ಉದ್ದೇಶ ಒಳ್ಳೆಯದೇ, ಎಲ್ಲ ಜಾತಿಯವರಿಗೂ ಬಾಗಿಲು ತೆರೆಯಲಿ ಎಂಬುದು. ಆದರೂ ಅಕಾಲಿ ಪ್ರತಿನಿಧಿಗಳು ಸಂವಿಧಾನಕ್ಕೆ ಸಹಿ ಹಾಕಲಿಲ್ಲ. 1984ರ ಫೆಬ್ರವರಿಯಲ್ಲಿ ಅಕಾಲಿ ನಾಯಕ ಪ್ರಕಾಶ್ ಸಿಂಗ್ ಬಾದಲ್ ದೆಹಲಿಯಲ್ಲಿ ಆ ವಿಧಿಯ ಹಾಳೆ ಸುಟ್ಟು ಜೈಲಿಗೆ ಹೋದರು. ಹಾಳೆ ಸುಡುವುದಕ್ಕಿಂತ ಹದವಾದ ದಾರಿಯನ್ನು ಆಮೇಲೆ ನಮ್ಮವರೇ ತೋರಿಸಿದರು: ಬೆಂಗಳೂರಿನ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಆಯೋಗ 2002ರಲ್ಲಿ, ಆ ವಿವರಣೆ ತೆಗೆದು ಹಿಂದೂ, ಸಿಖ್, ಜೈನ, ಬೌದ್ಧ ಎಂದು ನಾಲ್ಕೂ ಹೆಸರನ್ನು ಸಾಲಾಗಿ ಬರೆಯಿರಿ ಎಂದಿತು. ಬಾಗಿಲು ತೆರೆದೇ ಇರುತ್ತದೆ, ಯಾರ ಹೆಸರೂ ಇನ್ನೊಬ್ಬರ ಹೆಸರಿನೊಳಗೆ ಅಡಗುವುದಿಲ್ಲ. ಯಾವ ಸರ್ಕಾರವೂ ಅದನ್ನು ಈವರೆಗೆ ಜಾರಿಗೆ ತಂದಿಲ್ಲ; ತರಬೇಕು.