ಅಂಗಳದಲ್ಲಿ ಗಾಲಿ ಬಿಚ್ಚುವ ಪಾಠ

ನಮ್ಮ ಬಿಜೂರಿನಂಥ ಊರುಗಳಲ್ಲಿ ಅಜ್ಜ-ಅಜ್ಜಿ ಇಬ್ಬರೇ ಇರುವ ಮನೆಗಳು ಈಗ ಕಡಿಮೆಯಿಲ್ಲ. ಮಗ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲು ನಡೆಸುತ್ತಾನೆ, ಮಗಳು ಇನ್ನೆಲ್ಲೋ ಕೆಲಸದಲ್ಲಿರುತ್ತಾಳೆ. ಊರಿಗೆ ಬಂದಾಗ ಓಡಾಡಲು ಇರಲಿ ಎಂದು ಅವರು ಬಿಟ್ಟುಹೋದ ಕಾರು ಶೀಟಿನ ಮಾಡಿನಡಿ ವಾರಗಟ್ಟಲೆ ನಿಂತಿರುತ್ತದೆ. ನಿಂತ ಕಾರಿನ ಟಯರಿನಿಂದ ಗಾಳಿ ಸದ್ದಿಲ್ಲದೆ ಇಳಿಯುತ್ತದೆ. ಒಂದು ಬೆಳಿಗ್ಗೆ ಕುಂದಾಪುರಕ್ಕೆ ಡಾಕ್ಟರ ಹತ್ತಿರ ಹೊರಟರೆ ಒಂದು ಗಾಲಿ ನೆಲಕ್ಕೆ ಕೂತಿರುತ್ತದೆ. ಪಂಚರ್ ಅಂಗಡಿ ಇರುವುದು ಹೆದ್ದಾರಿಯ ಬದಿಯಲ್ಲಿ. ಗಾಲಿಯನ್ನು ಮನೆಯಲ್ಲೇ ಬಿಚ್ಚದೆ ಬೇರೆ ದಾರಿಯಿಲ್ಲ.

ಗಾಲಿ ಬಿಚ್ಚುವುದು ತೋಳ್ಬಲದ ಕೆಲಸ ಎಂದು ಹಲವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಕ್ರಮದ ಕೆಲಸ. ಯಾವುದಾದ ಮೇಲೆ ಯಾವುದು ಎಂದು ತಿಳಿದಿದ್ದರೆ ಅರವತ್ತೆಂಟರ ನಾನೂ ಮಾಡಬಲ್ಲೆ. ತಿಳಿಯದಿದ್ದರೆ ಇಪ್ಪತ್ತೈದರ ಗಟ್ಟಿಗನಿಗೂ ಅಪಾಯ. ಕಳೆದ ಬೇಸಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗನಿಗೆ ಈ ಪಾಠ ಹೇಳಿಕೊಟ್ಟೆ. ಅವನು ಏಳನೇ ತರಗತಿ. ಟಯರೇನೂ ಪಂಚರ್ ಆಗಿರಲಿಲ್ಲ. ಆಗುವ ಮೊದಲೇ, ಹಗಲು ಬೆಳಕಿನಲ್ಲಿ, ಅವಸರವಿಲ್ಲದ ದಿನ ಕಲಿಯುವುದೇ ಒಳ್ಳೆಯದು.

ಮೊದಲನೆಯ ಪಾಠ ನೆಲದ್ದು. ಕಾರು ಸಮತಟ್ಟಾದ, ಗಟ್ಟಿ ನೆಲದ ಮೇಲೆ ನಿಂತಿರಬೇಕು. ನಮ್ಮ ಕರಾವಳಿಯ ಅಂಗಳಗಳು ಮಳೆನೀರು ಹರಿದುಹೋಗಲೆಂದು ಒಂದು ಬದಿಗೆ ಇಳಿಜಾರಾಗಿರುತ್ತವೆ. ಮಳೆಗಾಲದಲ್ಲಿ ಕೆಂಪು ಮಣ್ಣು ಬೆಣ್ಣೆಯಾಗುತ್ತದೆ, ಕಡಲ ಬದಿಯ ಮನೆಗಳಲ್ಲಿ ಹೊಯಿಗೆ. ಇಂಥಲ್ಲಿ ಜಾಕ್ ಇಟ್ಟರೆ ಕಾರು ಮೇಲೇಳುವುದಿಲ್ಲ, ಜಾಕ್ ಕೆಳಗಿಳಿಯುತ್ತದೆ. ನೆಲ ಚೂರು ಮೆದು ಅನ್ನಿಸಿದರೂ ಜಾಕಿನಡಿ ದಪ್ಪನೆಯ, ಅಗಲವಾದ ಮರದ ಹಲಗೆ ಹಾಕಬೇಕು. ಆಗ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಕೆಸರೇ ಆಗಿದ್ದರೆ ಹಲಗೆಯನ್ನೂ ನಂಬಬಾರದು, ಅವತ್ತು ಕೆಲಸವೇ ಬೇಡ.

ಇದನ್ನು ಹೇಳುವಾಗ ನನಗೆ ಯಕ್ಷಗಾನದ ಕರ್ಣಾರ್ಜುನ ಕಾಳಗ ನೆನಪಾಯಿತು. ಕರ್ಣನ ರಥದ ಗಾಲಿ ಹೂತುಹೋದದ್ದು, ಯುದ್ಧದ ನಡುವೆ ಇಳಿದು ಅವನು ಅದನ್ನು ಎತ್ತಲು ಹೊರಟದ್ದು, ಆ ಹೊತ್ತಿಗೇ ಅರ್ಜುನನ ಬಾಣ ಬಂದದ್ದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತಿರುವ ಕತೆ.

“ಅಜ್ಜಯ್ಯ, ಕರ್ಣನ ಹತ್ರ ಜಾಕ್ ಇರ್ಲಿಲ್ವಾ?” ಎಂದು ಕೇಳಿದ ಮೊಮ್ಮಗ.

“ಜಾಕ್ ಇದ್ರೂ ಎಂತ ಪ್ರಯೋಜ್ನ ಮಗಾ? ಅಡಿಗೆ ಹಲಗೆ ಹಾಕ್ದೆ ಇದ್ರೆ ಅದೂ ಹುಗ್ದ್ ಹೋತಿತ್” ಎಂದೆ. ಹಲಗೆಯ ಪಾಠ ಅವನಿಗೆ ಮತ್ತೆ ಹೇಳಬೇಕಾಗಲಿಲ್ಲ.

ಎರಡನೆಯದು ಕಾರು ಅಲುಗದ ಹಾಗೆ ಮಾಡುವುದು. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೆಯ ಗೇರಿಗೋ ರಿವರ್ಸಿಗೋ ಹಾಕಿ, ಕೀಲಿಕೈ ತೆಗೆದು ಕಿಸೆಗೆ ಹಾಕಿಕೊಳ್ಳಬೇಕು. ಆಟೊಮ್ಯಾಟಿಕ್ ಕಾರಾದರೆ ‘ಪಿ’ಗೆ ಹಾಕಬೇಕು. ಒಳಗೆ ಯಾರೂ ಕೂತಿರಬಾರದು, ನಿದ್ದೆ ಹೋದ ಮಗು ಕೂಡ.

“ಬ್ರೇಕೂ ಹಾಕಿ ಗೇರೂ ಹಾಕಿದ ಮೇಲೆ ಕಲ್ಲು ಯಾಕೆ?” ಎಂಬುದು ಅವನ ಮುಂದಿನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಗೇರು ಹಿಡಿಯುವುದು ಎಂಜಿನ್ನು ತಿರುಗಿಸುವ ಮುಂದಿನ ಎರಡು ಗಾಲಿಗಳನ್ನು. ಹಿಂದಿನ ಒಂದು ಗಾಲಿಯನ್ನು ಎತ್ತಿದರೆ ಹ್ಯಾಂಡ್‌ಬ್ರೇಕಿಗೆ ನೆಲದ ಮೇಲೆ ಉಳಿಯುವುದು ಒಂದೇ ಗಾಲಿ. ಮುಂದಿನದನ್ನು ಎತ್ತಿದರೆ ಇನ್ನೂ ವಿಚಿತ್ರ. ತಿರುವಿನಲ್ಲಿ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕಲ್ಲ; ಅದಕ್ಕಾಗಿ ಎರಡೂ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇರುತ್ತದೆ. ಅದರಿಂದಾಗಿ ಒಂದು ಮುಂಗಾಲಿ ಗಾಳಿಯಲ್ಲಿ ತೇಲುತ್ತಿದ್ದರೆ ಅದು ಸುಮ್ಮನೆ ತಿರುಗಿ, ಇನ್ನೊಂದಕ್ಕೆ ಗೇರಿನ ಹಿಡಿತವೇ ಸಿಗದೆ ಹೋಗುತ್ತದೆ. ಹಾಗಾಗಿ ಎತ್ತುವ ಗಾಲಿಗೆ ಕರ್ಣರೇಖೆಯಲ್ಲಿ ಎದುರಾಗಿರುವ ಗಾಲಿಯ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಕಲ್ಲೋ ಮರದ ಅಡ್ಡೆಯೋ ಒತ್ತಿ ಇಡಬೇಕು. ಎಡಬದಿಯ ಮುಂದಿನ ಗಾಲಿ ಎತ್ತುವುದಾದರೆ ಬಲಬದಿಯ ಹಿಂದಿನದಕ್ಕೆ.

ಕೋಟೇಶ್ವರದ ಕೊಡಿ ಹಬ್ಬದಲ್ಲಿ ರಥ ಎಳೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಮಿಣಿ ಹಿಡಿದು ಎಳೆಯುವವರು ನೂರಾರು ಮಂದಿ. ನನ್ನ ಕಣ್ಣು ಮಾತ್ರ ಯಾವತ್ತೂ ಗಾಲಿಯ ಬದಿಯಲ್ಲಿ ಮರದ ಅಡ್ಡೆ ಹಿಡಿದು ನಡೆಯುವವರ ಮೇಲೆ. ಅಷ್ಟು ದೊಡ್ಡ ತೇರು ನಿಲ್ಲುವುದು ಅವರ ಎಚ್ಚರದಿಂದ. ಕಲ್ಲು ಇಡುವ ಕೆಲಸವನ್ನು ನಾನು ಮೊಮ್ಮಗನಿಗೇ ವಹಿಸಿದೆ. ಕಾರು ಇನ್ನೂ ನೆಲದ ಮೇಲಿರುವಾಗ ಆಗುವ ಕೆಲಸವದು, ಮಕ್ಕಳು ಧೈರ್ಯವಾಗಿ ಮಾಡಬಹುದು.

ಮೂರನೆಯದು ನಟ್ಟು ಸಡಿಲಿಸುವುದು, ಅದೂ ಜಾಕ್ ಹಾಕುವ ಮೊದಲು. ಗಾಲಿ ನೆಲಕ್ಕೆ ತಾಗಿರುವಾಗ ಅದು ತಿರುಗುವುದಿಲ್ಲ, ಕಾರೂ ಅಲುಗುವುದಿಲ್ಲ. ಜಾಕಿನ ಮೇಲೆ ನಿಂತ ಕಾರಿನ ನಟ್ಟಿಗೆ ಜೋರು ಹಾಕಿದರೆ ಕಾರು ಜಾರಿ ಬೀಳಬಹುದು. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಂದೊಂದನ್ನೂ ಅರ್ಧ ಸುತ್ತು ತಿರುಗಿಸಿದರೆ ಸಾಕು, ಪೂರ್ತಿ ತೆಗೆಯಬಾರದು.

ನಮ್ಮ ಕಾರಿನಲ್ಲಿ ನಾಲ್ಕು ನಟ್ಟುಗಳಲ್ಲಿ ಮೂರು ಬಿಟ್ಟವು, ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಹಿಂದೆ ಟಯರ್ ಬದಲಿಸಿದ ಅಂಗಡಿಯಲ್ಲಿ ಗಾಳಿ ಒತ್ತಡದ ಗನ್ನಿನಿಂದ ಬೇಕಾದ್ದಕ್ಕಿಂತ ಹೆಚ್ಚು ಬಿಗಿದಿದ್ದರು. ಮೇಲಿಂದ ನಮ್ಮ ಉಪ್ಪುಗಾಳಿಯ ತುಕ್ಕು ಬೇರೆ. “ನಾನು ಸ್ಪ್ಯಾನರ್ ಮೇಲೆ ಹತ್ತಿ ಕುಣೀಲಾ?” ಎಂದ ಹುಡುಗ. ಬೇಡವೆಂದೆ. ಸ್ಪ್ಯಾನರ್ ತಪ್ಪಿದರೆ ಮೊಣಕಾಲಿಗೆ ಪೆಟ್ಟು, ನಟ್ಟಿನ ಮೂಲೆ ಸವೆದರೆ ಮತ್ತೆ ಯಾರಿಂದಲೂ ಬಿಚ್ಚಲಾಗದು. ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಒಳಗೆ ಹೋಗಿ ಮಜ್ಜಿಗೆ ಕುಡಿದು ಬಂದೆವು. ಅಷ್ಟರಲ್ಲಿ ಟೆಂಪೋ ಓಡಿಸುವ ನೆರೆಮನೆಯವರು ಉದ್ದ ಹಿಡಿಕೆಯ ಸ್ಪ್ಯಾನರ್ ತಂದುಕೊಟ್ಟರು. ಅದರ ತುದಿ ಹಿಡಿದು ನಿಧಾನಕ್ಕೆ ಒತ್ತಿದೆ. ಕಿರ್ ಎಂದು ಬಿಟ್ಟಿತು.

ಇದು ಶಾಲೆಯಲ್ಲಿ ಕಲಿಸುವ ಸನ್ನೆಯ ತತ್ವವೇ. ಗಾಲಿಯ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಬೇಕು ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದದ ಹಿಡಿಕೆಯಾದರೆ ತುದಿಯಲ್ಲಿ ಹತ್ತು ಕಿಲೋ ಭಾರ ತೂಗುಹಾಕಿದಷ್ಟು ಒತ್ತಿದರೆ ಸಾಕು. ಕಾರಿನ ಜತೆ ಬರುವ ಕಾಲು ಮೀಟರಿನ ಗಿಡ್ಡ ಸ್ಪ್ಯಾನರ್ ಆದರೆ ನಲವತ್ತು ಕಿಲೋ ಬೇಕು. ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದ ಪಾಠ. ಸಣ್ಣ ಕಾರೆಂದರೂ ಏಳೆಂಟು ನೂರು ಕಿಲೋ ತೂಕ. ಅದರ ಒಂದು ಮೂಲೆ ಎತ್ತುವುದೆಂದರೆ ಐವತ್ತು ಕಿಲೋದ ನಾಲ್ಕು ಅಕ್ಕಿಮೂಟೆ ಒಟ್ಟಿಗೆ ಎತ್ತಿದ ಹಾಗೆ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಬಾಗಿಲಿನ ಕೆಳಗಿನ ಅಂಚಿನಲ್ಲಿ ಜಾಕ್ ಕೂರಲೆಂದೇ ಮಾಡಿದ ಗುರುತಿನ ಜಾಗ ಇರುತ್ತದೆ, ಅಲ್ಲೇ ಇಡಬೇಕು. ಗಾಲಿ ನೆಲ ಬಿಡುವಷ್ಟು ಎತ್ತಿದರೆ ಸಾಕು. ಬಿಚ್ಚಿದ ಗಾಲಿಯನ್ನು ಜಾಕಿನ ಬದಿಯಲ್ಲಿ ಕಾರಿನ ಅಂಚಿನಡಿ ಅಡ್ಡ ಮಲಗಿಸಬೇಕು. ಜಾಕ್ ಕೈಕೊಟ್ಟರೂ ಕಾರು ಪೂರ್ತಿ ನೆಲಕ್ಕೆ ಬರುವುದಿಲ್ಲ. ಗಾಲಿಯಿಲ್ಲದೆ ಹೆಚ್ಚು ಹೊತ್ತು ನಿಲ್ಲಿಸಬೇಕಾದರೆ ಗ್ಯಾರೇಜಿನವರ ಕಬ್ಬಿಣದ ಸ್ಟ್ಯಾಂಡೇ ಬೇಕು. ಮುರಕಲ್ಲನ್ನೋ ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನೋ ಅಡಿಗೆ ಕೊಡಲೇಬಾರದು. ಮನೆಯ ಗೋಡೆ ಹೊರುವ ಕಲ್ಲು ಇದನ್ನೂ ಹೊರುತ್ತದೆ ಎಂದು ಅನ್ನಿಸುವುದು ಸಹಜ. ಗೋಡೆಯಲ್ಲಿ ಭಾರ ಸಮನಾಗಿ ಹಂಚಿರುತ್ತದೆ, ಇಲ್ಲಿ ಒಂದೇ ಜಾಗಕ್ಕೆ ಬೀಳುತ್ತದೆ. ಕಲ್ಲು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ.

ಜಾಕಿಗೆ ಕೈಹಾಕುವ ಮೊದಲೇ ಮೊಮ್ಮಗನಿಗೆ ಒಂದು ಗಡಿ ಹೇಳಿದ್ದೆ. ಕಾರು ಮೇಲಿರುವಷ್ಟು ಹೊತ್ತೂ ಅವನು ತುಳಸಿಕಟ್ಟೆಯಿಂದ ಈಚೆ ಬರಬಾರದು. ಯಾರೂ ಕಾರಿನಡಿಗೆ ಕೈಕಾಲು, ತಲೆ ಹಾಕಬಾರದು. ಬಿಚ್ಚಿದ ನಟ್ಟುಗಳಿಗೆ ಒಂದು ಗೆರಟೆ ಇಟ್ಟುಕೊಂಡಿದ್ದೆ. ಕೊನೆಯ ನಟ್ಟು ಎಣ್ಣೆಕೈಯಿಂದ ಜಾರಿ, ಗೆರಟೆಯ ಅಂಚಿಗೆ ತಾಗಿ, ಉರುಳುತ್ತಾ ಕಾರಿನಡಿಗೇ ಹೋಯಿತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ಮಕ್ಕಳ ಕಾಲು ಇಂಥ ಹೊತ್ತಿಗೆ ಯೋಚನೆಗಿಂತ ಮೊದಲು ಓಡುತ್ತದೆ. ಅವನೂ ಒಂದು ಹೆಜ್ಜೆ ಇಟ್ಟ. ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಅಷ್ಟರಲ್ಲಿ ಅವನೇ ನಿಂತ. “ಅಜ್ಜಯ್ಯ, ಹಿಡಿಸೂಡಿ ತರ್ಲಾ?” ಎಂದ.

ಅಂಗಳ ಗುಡಿಸುವ ಹಿಡಿಸೂಡಿಗೆ ಉದ್ದ ಕೋಲು ಕಟ್ಟಿತ್ತು. ಅವನು ತಂದುಕೊಟ್ಟ, ನಾನು ದೂರದಿಂದಲೇ ನಟ್ಟನ್ನು ಗುಡಿಸಿ ತೆಗೆದೆ. ಪರೀಕ್ಷೆಯಲ್ಲಿ ನೂರಕ್ಕೆ ನೂರು ತಂದಾಗಲೂ ನಾನು ಅವನನ್ನು ಅಷ್ಟು ಹೊಗಳಿರಲಿಲ್ಲ. ನಟ್ಟು ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ ಎಂಬುದು ದೊಡ್ಡವರಿಗೂ ಆ ಕ್ಷಣದಲ್ಲಿ ಮರೆತುಹೋಗುತ್ತದೆ.

ಆಮೇಲೆ ಸ್ಟೆಪ್ನಿಯನ್ನು ಹೊರತೆಗೆದೆವು. ಈ ಹೆಸರಿನ ಹಿಂದೆ ಒಂದು ಕತೆಯಿದೆ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಗಾಲಿಯೇ ಇರುತ್ತಿರಲಿಲ್ಲ. ಪಂಚರ್ ಆದರೆ ರಸ್ತೆಯ ಬದಿಯಲ್ಲೇ ಕೂತು ಟಯರ್ ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು ಒಂದು ಉಪಾಯ ಕಂಡುಹಿಡಿದರು. ಗಾಳಿ ತುಂಬಿದ ಟಯರಿರುವ, ಅರಗಳಿಲ್ಲದ ಬಳೆಯೊಂದನ್ನು ಪಂಚರಾದ ಗಾಲಿಗೆ ಬಿಗಿದು ಮುಂದೆ ಹೋಗುವ ಉಪಾಯ. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಗಾಲಿಗೆ ಬಂತು, ಗಾಲಿಯ ಜತೆ ನಮ್ಮ ದೇಶಕ್ಕೂ ಬಂತು. “ಹಾಗಾದ್ರೆ ಕೋಟೇಶ್ವರದಲ್ಲಿ ಕಂಡುಹಿಡಿದಿದ್ರೆ ಅದಕ್ಕೆ ಕೋಟೇಶ್ವರ ಅಂತ ಹೆಸರಿರ್ತಿತ್ತಾ?” ಎಂದು ಹುಡುಗ ನಕ್ಕ.

ಗಾಲಿ ಮತ್ತೆ ಕೂರಿಸುವಾಗ ನಟ್ಟುಗಳನ್ನು ಮೊದಲು ಬರಿಗೈಯಿಂದ, ಚೂಪಾದ ಬದಿ ಗಾಲಿಯ ಕಡೆಗಿರುವಂತೆ ಹಾಕಬೇಕು. ಆಮೇಲೆ ಕಾರು ಇಳಿಸಿ, ಗಾಲಿ ನೆಲಕ್ಕೆ ಕೂತ ಮೇಲೆ ಪೂರ್ತಿ ಬಿಗಿಯಬೇಕು. ಒಂದರ ನಂತರ ಅದರ ಎದುರಿನದು, ಸಾಲಾಗಿ ಸುತ್ತು ಹೊಡೆಯಬಾರದು. ಸಾಲಾಗಿ ಬಿಗಿದರೆ ಗಾಲಿ ಓರೆಯಾಗಿ ಕೂರುತ್ತದೆ. ಇಲ್ಲಿಂದ ಉಡುಪಿಗೆ ಹೋಗುವಷ್ಟು ದೂರ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು. ಅಡ್ಡೆ ಇಟ್ಟ ಕಲ್ಲು ತೆಗೆಯಲು ಮರೆಯಬಾರದು. ಅದೂ ಮಕ್ಕಳ ಕೆಲಸವೇ.

ಕೆಲವು ದಿನ ಈ ಕೆಲಸಕ್ಕೆ ಕೈ ಹಾಕಲೇಬಾರದು: ಮಳೆ ಸುರಿಯುವಾಗ, ಇಳಿಜಾರಿನಲ್ಲಿ, ಕತ್ತಲಲ್ಲಿ, ಮನೆಯಲ್ಲಿ ಒಬ್ಬರೇ ಇರುವಾಗ, ಸೊಂಟ ನೋವಿರುವಾಗ. ನಟ್ಟೆಲ್ಲ ಬಿಚ್ಚಿದರೂ ಗಾಲಿ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಜಾಕಿನ ಮೇಲಿರುವ ಕಾರನ್ನು ಒದೆಯುವುದು, ಸುತ್ತಿಗೆಯಿಂದ ಬಡಿಯುವುದು ಬೇಡ. ನಟ್ಟು ಮತ್ತೆ ಹಾಕಿ, ಕಾರು ಇಳಿಸಿ, ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಯಾವಾಗ ನಿಲ್ಲಿಸಬೇಕು ಎಂದು ತಿಳಿದಿರುವುದೂ ಈ ಕೆಲಸ ಕಲಿತದ್ದರಲ್ಲಿ ಸೇರಿದೆ.

ಮಕ್ಕಳೇ, ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಯ್ಯನನ್ನೋ ಅಜ್ಜಿಯನ್ನೋ ಕರೆದು ಮೂರು ವಿಷಯ ನೋಡಿ. ಕಾರಿನಲ್ಲಿ ಜಾಕ್ ಮತ್ತು ಸ್ಪ್ಯಾನರ್ ಇವೆಯೇ? ಜಾಕಿನಡಿಗೆ ಹಲಗೆ, ಗಾಲಿಗೆ ಅಡ್ಡೆ ಡಿಕ್ಕಿಯಲ್ಲಿ ಇಟ್ಟಿದ್ದೀರಾ? ಸ್ಟೆಪ್ನಿಯಲ್ಲಿ ಗಾಳಿ ಇದೆಯೇ? 2020ರಲ್ಲಿ ನಿಯಮ ಬದಲಾದ ಮೇಲೆ ಕೆಲವು ಕಾರುಗಳಿಗೆ ಸ್ಟೆಪ್ನಿಯ ಬದಲು ಪಂಚರ್ ಹಾಕುವ ಕಿಟ್ ಮಾತ್ರ ಬರುತ್ತದೆ. ನಿಮ್ಮದು ಯಾವುದು ಎಂದು ಮೊದಲೇ ತಿಳಿದಿರಲಿ. ಸ್ಟೆಪ್ನಿ ಇದ್ದರೆ ಪೆಟ್ರೋಲ್ ಬಂಕಿಗೆ ಹೋದಾಗ ನಾಲ್ಕು ಗಾಲಿಯ ಜತೆ ಅದಕ್ಕೂ ಗಾಳಿ ಹಾಕಿಸಿ. ಬಂಕಿನವರು ಕೇಳುವುದಿಲ್ಲ, ನೀವೇ ನೆನಪಿಸಬೇಕು.