ನನ್ನ ಮುಷ್ಟಿಯ ಪ್ರತಾಪ

ನಮ್ಮ ಮೂಡಲಪಾಳ್ಯವಿರುವುದು ಬೆಂಗಳೂರಿನ ಪಡುವಣ ದಿಕ್ಕಿನಲ್ಲಿ. ಹೆಸರನ್ನು ನಂಬಿಕೊಂಡು ಊರಿನ ಮೂಡಣಕ್ಕೆ ಹೊರಟವನು ಈ ಜನ್ಮದಲ್ಲಿ ನಮ್ಮ ಮನೆಯನ್ನು ಮುಟ್ಟಲಾರ. ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿಳಿದು ಇನ್ನಷ್ಟು ಪಶ್ಚಿಮಕ್ಕೆ ಬರಬೇಕು. ಹೆಸರಿಟ್ಟ ಹಿರಿಯರಿಗೆ ಅದು ಯಾವುದೋ ಒಂದಕ್ಕೆ ಮೂಡಲಾಗಿದ್ದಿರಬೇಕು; ನಗರ ಬೆಳೆದು ಬಂದು ಅದರ ದಿಕ್ಕನ್ನೇ ತಿರುಗಿಸಿಬಿಟ್ಟಿತು. ಹೆಸರಿಗೂ ವಸ್ತುವಿಗೂ ಹೀಗೆ ಅಂತರವಿರಬಹುದೆಂದು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ನಾನು ಹಮಾಲಿಯೊಬ್ಬರ ಮಗ. ಹಾಗೆಂದ ಕೂಡಲೇ ಕೇಳಿದವರ ಕಣ್ಣು ನನ್ನ ತೋಳುಗಳ ಮೇಲೆ ಬೀಳುತ್ತದೆ; ಬಿದ್ದಷ್ಟೇ ವೇಗವಾಗಿ ನಿರಾಶೆಯಿಂದ ಮೇಲೇಳುತ್ತದೆ.

ತಂದೆಯವರು ಯಶವಂತಪುರದ ಮಾರುಕಟ್ಟೆಯ ಅಂಗಳದಲ್ಲಿ ೨೬ ವರ್ಷಗಳಿಂದ ಮೂಟೆ ಹೊರುತ್ತಿದ್ದಾರೆ. ಅವರು ಸೇರಿದಾಗ ಮೂಟೆಯೆಂದರೆ ಒಂದು ಕ್ವಿಂಟಾಲು. ಈಗ ಬಹುಮಟ್ಟಿಗೆ ೫೦ ಕಿಲೋ. ಒಬ್ಬ ಗಂಡಾಳು ಹೊರುವ ಭಾರ ೫೫ ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ಶಿಫಾರಸು ಮಾಡಿತ್ತು. ಆ ಸುದ್ದಿ ಜಿನೀವಾದಿಂದ ಹೊರಟು ತಂದೆಯವರ ಬೆನ್ನನ್ನು ಮುಟ್ಟುವುದಕ್ಕೆ ಬಹಳ ಕಾಲ ಹಿಡಿಯಿತು.

ಅವರು ನನಗೆ ವಿಧಿಸಿದ್ದ ಕಟ್ಟಳೆ ಒಂದೇ ಒಂದು: ಮೂಟೆಯನ್ನು ಮುಟ್ಟಕೂಡದು. ನನಗೆ ೧೩ ವರ್ಷವಾಗಿದ್ದಾಗ ಬೇಸಗೆಯ ರಜೆಯಲ್ಲಿ ಬುತ್ತಿ ಕೊಡಲು ಹೋದವನು, ಹುಡುಗುತನದ ಹುಮ್ಮಸ್ಸಿನಲ್ಲಿ ಒಂದು ಸಣ್ಣ ಬೇಳೆಯ ಚೀಲಕ್ಕೆ ಕೈಹಾಕಿದೆ. ಎಂದೂ ನನ್ನ ಮೇಲೆ ಕೈಮಾಡದವರು ಅಂದು ಮಾಡಿದರು. ‘ಈ ಕೈ ಬೇರೆ ಕೆಲಸಕ್ಕೆ ಇಟ್ಟಿರೋದು ಕಣ್ಲಾ’ ಎಂದರು. ಏಟಿಗಿಂತ ಆ ಮಾತು ಹೆಚ್ಚು ಕಾಲ ಉಳಿಯಿತು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ದಿನವೂ ಬೆಳಗಿನ ಜಾವ ನಮ್ಮ ತಾಯಿಯವರು ಒಂದು ಬೋಗುಣಿಯಲ್ಲಿ ಬಿಸಿನೀರಿಟ್ಟು, ಅದಕ್ಕೆ ಒಂದು ಹಿಡಿ ಉಪ್ಪು ಹಾಕಿ ತಂದೆಯವರ ಮುಂದೆ ಇಡುತ್ತಿದ್ದರು. ತಂದೆಯವರು ಅದರಲ್ಲಿ ಎರಡು ಕೈಗಳನ್ನೂ ಅದ್ದಿಕೊಂಡು, ಮಾತಿಲ್ಲದೆ, ಸ್ವಲ್ಪ ಹೊತ್ತು ಕುಳಿತಿರುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅದನ್ನು ಯಾವುದೋ ಒಂದು ಬಗೆಯ ಪೂಜೆಯೆಂದು ತಿಳಿದಿದ್ದೆ. ದೊಡ್ಡವನಾದ ಮೇಲೆ ಏನೆಂದೂ ತಿಳಿಯಲಿಲ್ಲ. ನೋಡಿ ನೋಡಿ ಅಭ್ಯಾಸವಾದದ್ದನ್ನು ನಾವು ನೋಡುವುದನ್ನೇ ಬಿಡುತ್ತೇವೆ.

ಕಳೆದ ಗೌರಿಹಬ್ಬದ ಸಮಯದಲ್ಲಿ ತಂದೆಯವರ ಜೊತೆಯವರೊಬ್ಬರು ಮನೆಗೆ ಬಂದಿದ್ದರು. ನಾನು ದೊಡ್ಡ ಮನುಷ್ಯನಂತೆ ಕೈಚಾಚಿದೆ. ಅವರು ನನ್ನ ಹಸ್ತವನ್ನು ಹಿಡಿದು, ಎರಡು ಸಲ ಹಿಸುಕಿ ನೋಡಿ, ಗಟ್ಟಿಯಾಗಿ ನಕ್ಕರು. ‘ಏನಣ್ಣೋ, ನಿನ್ನ ಮಗನ ಕೈ ಹತ್ತಿ ಇದ್ದಂಗದೆ! ಇದು ಮೇಷ್ಟ್ರ ಕೈ!’ ತಂದೆಯವರ ಮುಖ ದೀಪ ಹಚ್ಚಿದಂತಾಯಿತು. ೨೬ ವರ್ಷಗಳ ದುಡಿಮೆಗೆ ಯಾರೋ ಶಾಲು ಹೊದಿಸಿದಷ್ಟು ಸಂತೋಷಪಟ್ಟರು. ನನಗೆ ಮಾತ್ರ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪನಿಗೆ ಬಿರುದಾದದ್ದು ಮಗನಿಗೆ ಬೈಗುಳವಾಗಬಹುದೆಂಬುದು ಅಂದು ಗೊತ್ತಾಯಿತು.

ಅದೇ ವಾರ, ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮೇಲಿನ ವ್ಯಾಯಾಮಶಾಲೆಯವರು ಗೋಡೆಗೆ ಒಂದು ಕಾಗದ ಅಂಟಿಸಿದರು. ರಾಜ್ಯೋತ್ಸವದ ನಿಮಿತ್ತ ‘ಹಿಡಿತದ ಸ್ಪರ್ಧೆ’; ಪ್ರವೇಶಧನ ೫೦ ರೂಪಾಯಿ; ಮೊದಲ ಬಹುಮಾನ ಸ್ಟೀಲಿನ ಕೊಡ. ಕೊಡ ನನಗೆ ಬೇಕಿರಲಿಲ್ಲ. ಆದರೂ ಹೆಸರು ಕೊಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಓದಿದವನಿಗೆ ಒಂದು ದುರಭ್ಯಾಸವುಂಟು. ಕೆಲಸಕ್ಕೆ ಮೊದಲು ಪುಸ್ತಕ ಹುಡುಕುತ್ತಾನೆ. ನಾನೂ ಹುಡುಕಿದೆ. ಬೆರಳುಗಳನ್ನು ಮುಚ್ಚುವ ಬಲವಾದ ಸ್ನಾಯುಗಳು ಬೆರಳುಗಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಮಣಿಕಟ್ಟಿನ ಮೂಲಕ ಹಾದುಬಂದ ಸ್ನಾಯುರಜ್ಜುಗಳು ಸೂತ್ರದ ಗೊಂಬೆಯನ್ನು ಆಡಿಸುವಂತೆ ಬೆರಳುಗಳನ್ನು ಎಳೆಯುತ್ತವೆ. ಜಾನ್ ನೇಪಿಯರ್ ಎಂಬ ಬ್ರಿಟಿಷ್ ವಿದ್ವಾಂಸನು ೧೯೫೬ರಲ್ಲಿ ಮನುಷ್ಯನ ಹಿಡಿತವನ್ನು ಎರಡು ಬಗೆಯಾಗಿ ವಿಂಗಡಿಸಿದನು. ಸುತ್ತಿಗೆಯ ಕಾವನ್ನು ಅಂಗೈಗೆ ಒತ್ತಿ ಹಿಡಿಯುವುದು ಬಲದ ಹಿಡಿತ. ಲೇಖನಿಯನ್ನು ಬೆರಳುಗಳ ತುದಿಯಲ್ಲಿ ಹಿಡಿಯುವುದು ನಯದ ಹಿಡಿತ. ಯಾವುದನ್ನು ಹಿಡಿಯುತ್ತೇವೆಂಬುದಕ್ಕಿಂತ ಏತಕ್ಕಾಗಿ ಹಿಡಿಯುತ್ತೇವೆಂಬುದೇ ಹಿಡಿತದ ರೀತಿಯನ್ನು ನಿಶ್ಚಯಿಸುತ್ತದೆಂದು ಅವನ ಅಭಿಪ್ರಾಯ. ನಮ್ಮ ಮನೆಯಲ್ಲಿ ಎರಡೂ ಬಗೆಗಳು ಎರಡು ಕೈಗಳಿಗೆ ಹಂಚಿಹೋಗಿವೆಯಲ್ಲ ಎಂದುಕೊಂಡೆ.

ಇನ್ನೊಂದು ಬರಹ ಹೆದರಿಸಿತು. ೨೦೧೫ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವದು. ೧೭ ದೇಶಗಳ ಸುಮಾರು ೧,೪೦,೦೦೦ ಜನರ ಮುಷ್ಟಿಬಲವನ್ನು ಅಳೆದು, ವರ್ಷಗಟ್ಟಲೆ ಅವರ ಕ್ಷೇಮವನ್ನು ವಿಚಾರಿಸಿದ್ದರು. ಭಾರತವೂ ಅದರಲ್ಲಿ ಸೇರಿತ್ತು. ಹಿಡಿತ ೫ ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ಶೇಕಡಾ ೧೬ರಷ್ಟು ಹೆಚ್ಚು ಕಂಡುಬಂದಿತಂತೆ. ಹಿಡಿತ ಕಡಿಮೆಯಾದುದರಿಂದಲೇ ಸಾವು ಬರುತ್ತದೆಂದು ಇದರ ಅರ್ಥವಲ್ಲ, ಶರೀರದ ಒಟ್ಟು ಸ್ಥಿತಿಯನ್ನು ಕೈ ಹೇಳುತ್ತದೆ, ಅಷ್ಟೆ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ಕುಳಿತು ಓದುವವನಿಗೆ ಇಂಥ ಸೂಕ್ಷ್ಮಗಳು ಹೊಳೆಯುವುದಿಲ್ಲ. ನಾನು ನನ್ನ ಆಯುಷ್ಯವನ್ನು ಲೆಕ್ಕಹಾಕಿಕೊಂಡು ಮಲಗಿದೆ.

ಮಾರನೆಯ ದಿನದಿಂದ ಸಾಧನೆ ಆರಂಭವಾಯಿತು. ವಿಜಯನಗರದ ಅಂಗಡಿಯಲ್ಲಿ ಒಂದು ಸ್ಪ್ರಿಂಗಿನ ಹಿಡಿಕೆ ಕೊಂಡು, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಪುಸ್ತಕದ ಮರೆಯಲ್ಲಿ ಹಿಸುಕತೊಡಗಿದೆ. ಅದು ಕಿರ್ ಕಿರ್ ಎನ್ನುತ್ತಿತ್ತು. ನಿರ್ವಾಹಕರು ಒಂದು ದಿನ ಬಗ್ಗಿ ನನ್ನ ಸೀಟಿನ ಕೆಳಗೆ ಇಲಿಯನ್ನು ಹುಡುಕಿದರು. ಮನೆಯಲ್ಲಿ ರಾಗಿಯ ಡಬ್ಬಿಯೊಳಗೆ ಕೈತೂರಿಸಿ ಬೆರಳುಗಳನ್ನು ಮುಚ್ಚಿ ತೆರೆಯುತ್ತಿದ್ದೆ. ತಾಯಿಯವರು ನೋಡಿ, ‘ಏನಾದ್ರೂ ಬಿದ್ದೋಯ್ತಾ?’ ಎಂದು ಕೇಳಿದರು. ಹೌದೆಂದೆ. ಪೂರ್ತಿ ಸುಳ್ಳೇನೂ ಅಲ್ಲ.

ಸ್ಪರ್ಧೆಯ ಸಂಜೆ ಬಂದಿತು. ದೇವಸ್ಥಾನದ ಪಕ್ಕದ ಬಯಲಿನಲ್ಲಿ ಕೆಂಪು ಹಳದಿಯ ಬಾವುಟಗಳು, ಒಂದು ಮೇಜು, ಒಂದು ಧ್ವನಿವರ್ಧಕ. ಸ್ಪರ್ಧಿಗಳು ೧೪ ಜನ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ನಡೆಸುವವರು, ಗಾರೆ ಕೆಲಸದವರು, ಬಾಡಿಗೆ ವಾಹನ ಓಡಿಸುವವರು, ನಾನು. ಸ್ಪರ್ಧೆಗೆ ಮೊದಲು ಹಿರಿಯರೊಬ್ಬರು ಭಾಷಣ ಮಾಡಿದರು. ಮೈಸೂರಿನ ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ, ಉತ್ತರ ಕರ್ನಾಟಕದ ಹಳ್ಳಿಗಳ ಸಂಗ್ರಾಣಿ ಕಲ್ಲು, ಪೇಟೆಯ ಗರಡಿಮನೆಗಳ ಕೆಮ್ಮಣ್ಣು, ಎಲ್ಲವನ್ನೂ ನೆನಪಿಸಿ, ಇದು ಕನ್ನಡಿಗರ ಪರಂಪರೆಯೆಂದರು. ಪರಂಪರೆಯ ಭಾರ ನನ್ನ ಮೇಲೆ ಬಿದ್ದಾಗ ನಾನು ೫೬ ಕಿಲೋ ಇದ್ದೆ.

ಮೊದಲ ಸುತ್ತು ಹಿಡಿತಮಾಪಕದ್ದು. ಮುಷ್ಟಿಯೊಳಗೆ ಹಿಡಿದು ಹಿಸುಕಿದರೆ ಮುಳ್ಳು ಕಿಲೋ ತೋರಿಸುತ್ತದೆ. ಲೇತಿನವರು ೫೮ ಮುಟ್ಟಿದರು. ನಾನು ಹಲ್ಲುಕಚ್ಚಿ, ಕಣ್ಣುಮುಚ್ಚಿ, ಮುಖದ ಎಲ್ಲ ಸ್ನಾಯುಗಳನ್ನೂ ಉಪಯೋಗಿಸಿದೆ. ಕಣ್ಣು ತೆರೆದಾಗ ಮುಳ್ಳು ೩೪ರ ಬಳಿ ನಿಂತಿತ್ತು. ‘ಬಿ.ಎ. ಅಂತಿಮ ವರ್ಷ, ಮೂವತ್ತನಾಲ್ಕು!’ ಎಂದು ಧ್ವನಿವರ್ಧಕ ಘೋಷಿಸಿತು. ಅಂಕಗಳೆಂದು ತಿಳಿದು ಮುಂದಿನ ಸಾಲಿನ ಅಜ್ಜಿಯೊಬ್ಬರು, ‘ಪಾಸಾದ್ನಾ?’ ಎಂದು ಕೇಳಿದರು.

ಎರಡನೆಯದು ದಪ್ಪ ಹಿಡಿಕೆ. ಎರಡು ಅಂಗುಲಕ್ಕೂ ಮೀರಿದ ದಪ್ಪದ, ಅಚ್ಚಿನ ಮೇಲೆ ತಿರುಗುವ ಕೊಳವೆ. ಅದಕ್ಕೆ ತೂಕದ ಬಿಲ್ಲೆಗಳನ್ನು ತೂಗುಹಾಕಿ ಒಂದೇ ಕೈಯಲ್ಲಿ ಎತ್ತಬೇಕು. ತೆಳುವಾದ ಸರಳಿನಲ್ಲಾದರೆ ಹೆಬ್ಬೆರಳು ಬೆರಳುಗಳ ಮೇಲೆ ಬಂದು ಚಿಲಕ ಹಾಕುತ್ತದೆ. ಇಲ್ಲಿ ಹೆಬ್ಬೆರಳು ಬೆರಳುಗಳನ್ನು ಸೇರುವುದೇ ಇಲ್ಲ. ಜೊತೆಗೆ ಕೊಳವೆ ತಿರುಗಿ ಮುಷ್ಟಿಯನ್ನು ತಾನೇ ಬಿಚ್ಚುತ್ತದೆ. ಇಂಗ್ಲೆಂಡಿನ ಥಾಮಸ್ ಇಂಚ್ ಎಂಬ ಮಲ್ಲನು ಹಿಂದಿನ ಶತಮಾನದ ಮೊದಲಲ್ಲಿ ಇಂಥದೇ ದಪ್ಪ ಹಿಡಿಯ ೭೮ ಕಿಲೋ ಡಂಬೆಲ್ಲನ್ನು ಮುಂದಿಟ್ಟು ಬಲಶಾಲಿಗಳನ್ನು ನಾಚಿಸಿದನಂತೆ. ನನ್ನನ್ನು ನಾಚಿಸಲು ೩೦ ಕಿಲೋ ಸಾಕಾಯಿತು. ೨೫ ಎದ್ದಿತು, ೩೦ ನೆಲವನ್ನು ಬಿಡಲಿಲ್ಲ, ನನ್ನ ಬೆರಳುಗಳು ಅದನ್ನು ಬಿಟ್ಟವು.

ಮೂರನೆಯದು ಸರಳಿಗೆ ಜೋತುಬೀಳುವುದು. ಇಲ್ಲಿ ಬಡಕಲು ಶರೀರಕ್ಕೆ ಒಂದು ಅನುಕೂಲವುಂಟು. ಹೊರಬೇಕಾದದ್ದು ತನ್ನನ್ನು ಮಾತ್ರ. ಅರ್ಧ ನಿಮಿಷ ಸುಖವಾಗಿ ಕಳೆಯಿತು. ಅನಂತರ ಮುಂಗೈಗಳಲ್ಲಿ ಬೆಂಕಿ ಹತ್ತಿತು. ಇನ್ನೇನು ಬಿಡಬೇಕು, ಅಷ್ಟರಲ್ಲಿ ಜನರ ಹಿಂದೆ, ವಿದ್ಯುತ್ ಕಂಬದ ಬಳಿ, ತಂದೆಯವರು ನಿಂತಿರುವುದು ಕಂಡಿತು. ಯಶವಂತಪುರದಿಂದ ಆಗತಾನೆ ಬಂದಿದ್ದರು. ಹೆಗಲ ಮೇಲೆ ಟವೆಲು, ಕೂದಲಿನಲ್ಲಿ ಗೋಣಿಯ ಧೂಳು. ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿ ಬಂದಿರಬೇಕು. ಅವರು ಕೈ ಬೀಸಲಿಲ್ಲ, ಕೂಗಲಿಲ್ಲ. ಸುಮ್ಮನೆ ನನ್ನ ಕೈಗಳನ್ನು ನೋಡುತ್ತಿದ್ದರು. ನಾನು ೧೩ ವರ್ಷದ ಹುಡುಗನಂತೆ ಹೆದರಿದೆ. ಹೆದರಿಕೆಯಿಂದಲೇ ಇನ್ನಷ್ಟು ಬಿಗಿಯಾಗಿ ಹಿಡಿದೆ. ಒಂದು ನಿಮಿಷ ೧೨ ಸೆಕೆಂಡು. ಆ ಸುತ್ತಿನಲ್ಲಿ ನಾಲ್ಕನೆಯವನಾದೆ, ಒಟ್ಟಿನಲ್ಲಿ ಹನ್ನೊಂದನೆಯವನು.

ಸ್ಪರ್ಧೆ ಮುಗಿದ ಮೇಲೆ ಯಾರೋ ತಂದೆಯವರನ್ನು ಗುರುತಿಸಿ, ‘ಯಜಮಾನ್ರೇ, ನೀವೂ ಒಂದು ಕೈ ನೋಡ್ರೀ’ ಎಂದು ಹಿಡಿತಮಾಪಕವನ್ನು ಮುಂದೆ ಹಿಡಿದರು. ನನ್ನ ಎದೆ ಹಾರಿತು. ಅವರು ಹಿಸುಕಲಿ, ಮುಳ್ಳು ೭೦ ದಾಟಲಿ, ಬಯಲೆಲ್ಲ ಚಪ್ಪಾಳೆ ತಟ್ಟಲಿ ಎಂದು ಆಸೆಪಟ್ಟೆ. ತಂದೆಯವರು ಆ ಯಂತ್ರವನ್ನು ಒಂದು ಸಲ ತಿರುಗಿಸಿ ನೋಡಿ, ಹಿಂದಕ್ಕೆ ಕೊಟ್ಟರು. ‘ನಂದು ಇವತ್ತಿಂದು ಆಗಿದೆ ಕಣಪ್ಪ’ ಎಂದರು. ಮನೆಯ ದಾರಿಯಲ್ಲಿ ಅವರು ಸ್ಪರ್ಧೆಯ ಮಾತೆತ್ತಲಿಲ್ಲ. ನಾನು ಆ ಮೌನವನ್ನು ಕೋಪವೆಂದು ತಿಳಿದೆ.

ಮರುದಿನ ಕಾಲೇಜಿನಲ್ಲಿ ಕಿರುಪರೀಕ್ಷೆ. ಓದಿಕೊಳ್ಳಲೆಂದು ಐದು ಗಂಟೆಗೆ ಎದ್ದೆ. ಲೇಖನಿ ತೆಗೆದುಕೊಳ್ಳಹೋದರೆ ಬೆರಳುಗಳು ಬಿಚ್ಚಲೊಲ್ಲವು. ಬಲಗೈ ಅರ್ಧ ಮುಚ್ಚಿಕೊಂಡು, ಇನ್ನೂ ಆ ಸರಳನ್ನೇ ಹಿಡಿದುಕೊಂಡಿರುವಂತೆ ಗಟ್ಟಿಯಾಗಿತ್ತು. ಎಡಗೈಯಿಂದ ಬಿಡಿಸಹೋದೆ, ಅದೂ ಅದೇ ಸ್ಥಿತಿಯಲ್ಲಿತ್ತು. ನಾನು ಗಾಬರಿಯಿಂದ ನಡುಮನೆಗೆ ಬಂದೆ. ತಂದೆಯವರು ಬೋಗುಣಿಯ ಮುಂದೆ ಕುಳಿತಿದ್ದರು. ಅವರ ಕೈಗಳು ನೀರಿನೊಳಗಿದ್ದವು. ತಿಳಿನೀರಿನಲ್ಲಿ ಅವುಗಳ ಆಕಾರ ಚೆನ್ನಾಗಿ ಕಾಣುತ್ತಿತ್ತು: ಅರ್ಧ ಮುಚ್ಚಿದ, ಬಿಚ್ಚಲೊಲ್ಲದ ಎರಡು ಮುಷ್ಟಿಗಳು.

ಇಪ್ಪತ್ತು ವರ್ಷ ನಾನು ನೋಡಿದ್ದ ಪೂಜೆ ಇದು. ಹಗಲೆಲ್ಲ ಮೂಟೆಯ ಮೂಲೆಗಳನ್ನು ಹಿಡಿದ ಬೆರಳುಗಳು ರಾತ್ರಿಯೂ ಅದನ್ನು ಬಿಡುವುದಿಲ್ಲ. ಪ್ರತಿ ಬೆಳಗ್ಗೆ ಅವನ್ನು ಬಿಸಿನೀರಿನಲ್ಲಿ ಬಿಡಿಸಿಕೊಂಡ ಮೇಲೆಯೇ ಅವರು ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲರು. ಸ್ಪರ್ಧೆಯ ಯಂತ್ರವನ್ನು ಏಕೆ ಹಿಂದಕ್ಕೆ ಕೊಟ್ಟರೆಂಬುದು ಆಗ ಅರ್ಥವಾಯಿತು. ಮುಚ್ಚುವ ಬಲವನ್ನು ಅಳೆಯುವ ಯಂತ್ರವದು. ಅವರ ಕಷ್ಟವೆಲ್ಲ ತೆರೆಯುವುದರಲ್ಲಿ.

ಅವರು ನನ್ನ ಕೈಗಳನ್ನು ನೋಡಿದರು. ಏನೂ ಕೇಳಲಿಲ್ಲ. ತಮ್ಮವನ್ನು ಹೊರತೆಗೆದು, ಬೋಗುಣಿಯನ್ನು ನನ್ನ ಕಡೆ ಸರಿಸಿ, ನನ್ನ ಕೈಗಳನ್ನು ನೀರಿನಲ್ಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕಿರುಬೆರಳಿನಿಂದ ಆರಂಭಿಸಿ ಒಂದೊಂದೇ ಬೆರಳನ್ನು ಬಿಡಿಸಿದರು. ಚರ್ಮ ಒರಟು, ಸ್ಪರ್ಶ ಮಾತ್ರ ಹೂವಿನ ಎಸಳನ್ನು ಬಿಡಿಸುವವರದು. ನೇಪಿಯರನು ಹೇಳಿದ ನಯದ ಹಿಡಿತ ನನ್ನ ಕೈಯ ಸೊತ್ತೆಂದು ನಾನು ತಿಳಿದಿದ್ದೆ. ‘ಬರೆಯೋ ಕೈಯಪ್ಪ’ ಎಂದರು, ಅಷ್ಟೆ. ಸ್ವಲ್ಪ ತಡೆದು, ‘ಆದ್ರೂ ಚೆನ್ನಾಗಿ ಜೋತು ಬಿದ್ದಿದ್ದೆ’ ಎಂದರು.

ಶ್ರೀವೈಷ್ಣವ ಮತದಲ್ಲಿ ಎರಡು ನ್ಯಾಯಗಳನ್ನು ಹೇಳುವುದುಂಟು. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಬೆಕ್ಕಿನ ಮರಿಯಾದರೋ ಸುಮ್ಮನಿರುತ್ತದೆ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ದೇವರ ಕೃಪೆಗೆ ಜೀವನ ಪ್ರಯತ್ನ ಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಯದು. ಆ ಚರ್ಚೆಯ ಯೋಗ್ಯತೆ ನನಗಿಲ್ಲ. ಆದರೆ ಓದಿನ ವಿಷಯದಲ್ಲಿ ನಾನು ಇಷ್ಟು ದಿನ ನನ್ನನ್ನು ಕೋತಿಮರಿಯೆಂದೇ ಎಣಿಸಿದ್ದೆ. ರಾತ್ರಿ ಓದಿದೆ, ಶುಲ್ಕ ವಿನಾಯಿತಿಗೆ ಅಲೆದೆ, ಪಟ್ಟು ಹಿಡಿದು ಬಿ.ಎ.ವರೆಗೆ ಬಂದೆ ಎಂದು ಬೀಗುತ್ತಿದ್ದೆ. ಹಿಡಿದಿದ್ದವರು ಬೇರೆಯವರು. ನನ್ನ ಕೈ ಮೆತ್ತಗಿರುವುದಕ್ಕೆ ಅವರ ಬಿಚ್ಚದ ಬೆರಳುಗಳೇ ಕಾರಣ.

ಅಂದಿನ ಪರೀಕ್ಷೆಯಲ್ಲಿ ನನ್ನ ಅಕ್ಷರಗಳು ಸೊಟ್ಟಗಿದ್ದವು. ಉತ್ತರಪತ್ರಿಕೆಯನ್ನು ಓದಿ ಬೇಸರಪಟ್ಟ ಉಪನ್ಯಾಸಕರಿಗೆ ಇದೇ ನನ್ನ ಸಮಜಾಯಿಷಿ. ಈಗ ಬೆಳಗಿನ ಜಾವ ಬೋಗುಣಿಯಲ್ಲಿ ನೀರಿಡುವ ಕೆಲಸ ನನ್ನದು. ಬರುವ ನವೆಂಬರಿನಲ್ಲಿ ಮತ್ತೆ ಸ್ಪರ್ಧೆ ನಡೆಸುತ್ತಾರಂತೆ. ಹೆಸರು ಕೊಡುವುದೆಂದು ನಿಶ್ಚಯಿಸಿದ್ದೇನೆ. ಹತ್ತನೆಯ ಸ್ಥಾನಕ್ಕೆ ಏರುವ ಭರವಸೆಯಿದೆ. ಈ ಸಲ ಮಾತ್ರ ತಂದೆಯವರಿಗೆ ಹೇಳಿಯೇ ಹೋಗುತ್ತೇನೆ.